ಚುಳ್ ಅನ್ನುವ ನೋವು, ಮಿಡಿಯುವ ನೋವು

ನಮ್ಮ ದೊಡ್ಡಮ್ಮ ನಾಲ್ಕು ವರ್ಷ ಬಲಗೆನ್ನೆಗೆ ನೀರು ಸೋಕಿಸಲಿಲ್ಲ. ಮುಖ ತೊಳೆಯುವಾಗ ಎಡಗಡೆಗೆ ಮಾತ್ರ ಒಂದು ಬೊಗಸೆ. ಹಲ್ಲುಜ್ಜುವುದನ್ನು ಬಿಟ್ಟು ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಿದ್ದರು. ಮುದ್ದೆಯನ್ನು ಅಗಿಯಬೇಕಿಲ್ಲ, ನುಂಗಿದರೆ ಸಾಕು ಎಂಬುದೇ ಆಗ ಅವರಿಗಿದ್ದ ಸಮಾಧಾನ. ಹುಣಸೂರಿನಿಂದ ಮೈಸೂರಿಗೆ ಬಸ್ಸು ಹತ್ತಿದರೆ ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಗಾಳಿ ಬಡಿದರೂ ಸಾಕಿತ್ತು. ಸೆರಗನ್ನು ಮುಖದಿಂದ ನಾಲ್ಕು ಬೆರಳು ದೂರ ಹಿಡಿದು, ಮರೆ ಮಾಡಿಕೊಂಡು ಓಡಾಡುತ್ತಿದ್ದರು.

ಮನೆಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಇತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ವರ್ಜೀನಿಯಾ ತಂಬಾಕು ಬೆಳೆಯುವ ಮನೆಗಳಲ್ಲಿ ಮುಂಗಾರಿನ ಕೊನೆಯ ತಿಂಗಳುಗಳೆಂದರೆ ನಿದ್ದೆಗೆಟ್ಟ ತಿಂಗಳುಗಳು. ಒಮ್ಮೆ ಸೊಪ್ಪು ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಒಲೆಗೆ ಸೌದೆ ಇಕ್ಕಬೇಕು, ಬಿಸಿಯನ್ನು ಹಂತಹಂತವಾಗಿ ಏರಿಸಬೇಕು. ಹೊಗೆ ಕೊಳವೆಯೊಳಗೇ ಸಾಗಿ ಹೊರಹೋಗುತ್ತದೆ, ಸೊಪ್ಪಿಗೆ ತಾಗುವುದಿಲ್ಲ. ಒಲೆಯ ಮುಂದೆ ಕೂತವರ ಕಣ್ಣಿಗೆ ತಾಗುತ್ತದೆ. ಆಮೇಲೆ ಒಣಗಿದ ಸೊಪ್ಪು ಬಿಡಿಸುವಾಗ, ದರ್ಜೆ ಮಾಡುವಾಗ ಏಳುವ ದೂಳು ಬೇರೆ. ಹಾಗಾಗಿ ದೊಡ್ಡಮ್ಮ ಕೆನ್ನೆ ನೋವು, ಕಣ್ಣು ನೋವು ಎಂದಾಗ ಎಲ್ಲರಿಗೂ ಉತ್ತರ ಸಿದ್ಧವಾಗಿತ್ತು: ಬ್ಯಾರನ್ ಹೊಗೆ.

ಕಣ್ಣಲ್ಲಿ ನೀರು ಬರುತ್ತದೆಂದು ಕನ್ನಡಕ ಬಂತು. ಕೆನ್ನೆಯ ಮೂಳೆ ನೋಯುತ್ತದೆಂದು ‘ಸೈನಸ್’ ಮಾತ್ರೆ ಬಂತು, ಹಬೆ ತೆಗೆದುಕೊಂಡದ್ದೂ ಆಯಿತು. ದವಡೆಗೆ ಬಂದಾಗ ಮೇಲಿನ ಎರಡು ಹಲ್ಲು ಹೋದವು. ಕೀಳಿಸಿದ ಮರುದಿನ ಅದೇ ಜಾಗದಲ್ಲಿ, ಹಲ್ಲೇ ಇಲ್ಲದ ಕಡೆ, ಅದೇ ನೋವು. ಕೊನೆಗೆ ತಾಯತವೂ ಬಂತು. ಇಷ್ಟೂ ಜನರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ‘ಎಲ್ಲಿ ನೋವು?’ ದೊಡ್ಡಮ್ಮ ಬೆರಳಿಟ್ಟು ತೋರಿಸಿದರು. ಬೆರಳು ಹೋದ ಕಡೆಗೆ ಔಷಧವೂ ಹೋಯಿತು.

ಮುಖದ ವಿಷಯದಲ್ಲಿ ಬೆರಳು ತೋರಿಸುವ ಜಾಗವನ್ನು ನಂಬುವಂತಿಲ್ಲ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಟ್ರೈಜೆಮಿನಲ್ ನರ. ಅದಕ್ಕೆ ಮೂರು ಕವಲು. ಮೇಲಿನದು ಹಣೆ, ರೆಪ್ಪೆ, ಕಣ್ಣುಗುಡ್ಡೆ, ಮೂಗಿನ ತುದಿಗೆ. ನಡುವಿನದು ಕೆನ್ನೆ, ಮೇಲಿನ ಹಲ್ಲು, ಕೆನ್ನೆಯೊಳಗಿನ ಗಾಳಿಗೂಡಿಗೆ. ಕೆಳಗಿನದು ದವಡೆ, ಕೆಳಗಿನ ಹಲ್ಲು, ನಾಲಿಗೆಗೆ. ಮಿದುಳಿನ ಹೊದಿಕೆಯ ನೋವನ್ನು ಒಯ್ಯುವುದೂ ಬಹುಪಾಲು ಇದೇ ನರ. ಕೆ.ಆರ್. ನಗರದ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೇ ಗದ್ದೆಗೆ ನೀರು ಬರಲಿಲ್ಲ ಅಂದರೆ ತಪ್ಪು ಆ ಗದ್ದೆಯಲ್ಲೇ ಇರಬೇಕೆಂದಿಲ್ಲ. ಮೇಲೆ ತೂಬಿನಲ್ಲಿರಬಹುದು, ನಡುವೆ ನಾಲೆ ಒಡೆದಿರಬಹುದು. ತೂಬಿನ ಬಳಿ ಕೂತವನಿಗೆ ಗೊತ್ತಾಗುವುದು ಈ ನಾಲೆಯಲ್ಲಿ ಏನೋ ಕೆಟ್ಟಿದೆ ಎಂಬುದಷ್ಟೇ. ಮಿದುಳಿನ ಪಾಡೂ ಅದೇ. ಹಾಗಾಗಿ ಹಲ್ಲಿನ ಕೀವು ಕಣ್ಣಿನ ಕೆಳಗೆ ನೋಯಬಹುದು, ಕಣ್ಣಿನ ಒತ್ತಡ ಹಣೆಯಲ್ಲಿ ನೋಯಬಹುದು. ಕುತ್ತಿಗೆಯ ಮೇಲ್ಭಾಗದ ನರಗಳೂ ಇದೇ ನರದ ಎಳೆಗಳೊಂದಿಗೆ ಒಳಗೆ ಕೂಡಿಕೊಳ್ಳುತ್ತವೆ, ಅದರಿಂದ ಕುತ್ತಿಗೆಯ ಕೇಡು ಕಣ್ಣಿನ ಹಿಂದೆ ಕಾಣಿಸಿಕೊಳ್ಳುವುದೂ ಉಂಟು.

ದೊಡ್ಡಮ್ಮನ ನೋವಿನ ಹೆಸರು ಸಿಕ್ಕಿದ್ದು ಮೈಸೂರಿನ ಆಸ್ಪತ್ರೆಯೊಂದರಲ್ಲಿ, ಇನ್ನೂ ಕಲಿಯುತ್ತಿದ್ದ ಹುಡುಗಿಯೊಬ್ಬಳಿಂದ. ಆಕೆ ಎಲ್ಲಿ ಎಂದು ಕೇಳಲಿಲ್ಲ. ‘ಅಜ್ಜಿ, ನೋವು ಹೆಂಗೆ ಬರುತ್ತೆ?’ ಎಂದಳು. ದೊಡ್ಡಮ್ಮ ಬಾಯಿ ತೆರೆಯದೆ ಚಿಟಿಕೆ ಹೊಡೆದು ತೋರಿಸಿದರು. ಆಮೇಲೆ ಮೆಲ್ಲಗೆ, ‘ಚುಳ್ ಅಂತದೆ ಕಣವ್ವ, ಕರೆಂಟ್ ಹೊಡ್ದಂಗೆ. ಎಣಿಸೋದ್ರೊಳಗೆ ಹೋಯ್ತದೆ. ಹೋದ ಮೇಲೆ ಏನೂ ಇಲ್ಲ’ ಎಂದರು. ಆ ಮೂರು ಮಾತಿನಲ್ಲಿ ರೋಗವೇ ಇತ್ತು.

ಇದನ್ನು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಕ್ಷಣಾರ್ಧದಿಂದ ಹೆಚ್ಚೆಂದರೆ ಎರಡು ನಿಮಿಷದ ಸಿಡಿತ. ಮುಖದ ಒಂದೇ ಬದಿ. ಮುಟ್ಟಿದರೆ, ಅಗಿದರೆ, ಮಾತಾಡಿದರೆ, ತಣ್ಣನೆ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಡುನಡುವೆ ಏನೂ ಇರುವುದಿಲ್ಲ. ಐವತ್ತು ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ 1773ರಲ್ಲೇ ಇದನ್ನು ಸ್ಪಷ್ಟವಾಗಿ ಬಣ್ಣಿಸಿದ್ದರು. ಕಾರಣ ತಿಳಿಯಲು ಇನ್ನೂ ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1934ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ಬಹಳ ರೋಗಿಗಳಲ್ಲಿ ನರದ ಬುಡಕ್ಕೆ ರಕ್ತನಾಳವೊಂದು ಒತ್ತಿಕೊಂಡಿರುವುದನ್ನು ಬರೆದರು. ನಾಳ ಮಿಡಿದು ಮಿಡಿದು ನರದ ಹೊದಿಕೆ ಸವೆಯುತ್ತದೆ, ಸವೆದ ಕಡೆ ಸ್ಪರ್ಶದ ಎಳೆ ನೋವಿನ ಎಳೆಯನ್ನು ಕೆಣಕುತ್ತದೆ. ಹೊದಿಕೆ ಸುಲಿದ ವೈರುಗಳು ಒಂದಕ್ಕೊಂದು ತಾಗಿದ ಹಾಗೆ. ‘ಕರೆಂಟ್ ಹೊಡ್ದಂಗೆ’ ಎಂದ ದೊಡ್ಡಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ.

ಕೀಳಿಸಿದ ಹಲ್ಲುಗಳ ಕಥೆಯೂ ಅವರೊಬ್ಬರದಲ್ಲ. ಲೋಕದಲ್ಲೆಲ್ಲ ಈ ರೋಗಿಗಳು ಮೊದಲು ಹೋಗುವುದು ಹಲ್ಲಿನ ವೈದ್ಯರ ಬಳಿಗೇ, ಒಳ್ಳೆಯ ಹಲ್ಲು ಕಳೆದುಕೊಳ್ಳುವವರು ಬೇಕಾದಷ್ಟು. ಹಲ್ಲಿನ ನೋವಿಗೆ ಹಲ್ಲಿನಲ್ಲಿ ಸಾಕ್ಷಿ ಇರಬೇಕು. ಕುಟ್ಟಿದರೆ ನೋಯಬೇಕು, ಬಿಸಿ ತಣ್ಣನೆಗೆ ಜುಮ್ ಎನ್ನಬೇಕು, ಎಕ್ಸ್‌ರೇಯಲ್ಲಿ ಬೇರಿನ ತುದಿ ಕೆಟ್ಟಿರಬೇಕು. ಅದ್ಯಾವುದೂ ಇಲ್ಲದಿದ್ದರೆ ಕೀಳುವುದನ್ನು ಒಂದು ವಾರ ಮುಂದೂಡಿ ಎಂದು ಕೇಳುವುದಕ್ಕೆ ಯಾರೂ ಸಂಕೋಚ ಪಡಬೇಕಿಲ್ಲ.

ಮೊದಲ ಔಷಧ ಕಾರ್ಬಮಜೆಪಿನ್. ಈ ನೋವಿಗೆ ಅದು ಕೆಲಸ ಮಾಡುತ್ತದೆಂದು 1962ರಿಂದಲೇ ಗೊತ್ತು, ಬೆಲೆಯೂ ಕಡಿಮೆ. ಸಾಧಾರಣ ನೋವಿನ ಮಾತ್ರೆಗಳಿಗೆ ಬಗ್ಗದ ನೋವು ಇದಕ್ಕೆ ಬಗ್ಗುತ್ತದೆ. ಆದರೆ ಇಲ್ಲಿ ನಮ್ಮೂರಿನದೇ ಒಂದು ತೊಡಕಿದೆ. ಇದು ಮೂರ್ಛೆರೋಗಕ್ಕೂ ಕೊಡುವ ಮಾತ್ರೆ. ಔಷಧಿ ಅಂಗಡಿಯಲ್ಲಿ ಯಾರೋ ‘ಇದು ಫಿಟ್ಸ್ ಮಾತ್ರೆ ಅಲ್ವಾ’ ಎಂದರು. ದೊಡ್ಡಮ್ಮ ಅಂದೇ ನಿಲ್ಲಿಸಿದರು. ಮೊಮ್ಮಗಳಿಗೆ ಗಂಡು ನೋಡುತ್ತಿದ್ದ ಕಾಲ, ಮನೆಯಲ್ಲಿ ಫಿಟ್ಸ್ ಇದೆ ಎಂಬ ಮಾತು ಎದ್ದರೆ? ಮತ್ತೆ ಎರಡು ತಿಂಗಳು ಚುಳ್ ಅನ್ನುವುದನ್ನೇ ಸಹಿಸಿದರು. ಇದನ್ನು ಮೂರ್ಛೆಗೂ ಕೊಡುತ್ತಾರೆ, ನಿಮಗಿರುವುದು ಮೂರ್ಛೆಯಲ್ಲ ಎಂಬ ಒಂದು ವಾಕ್ಯವನ್ನು ಮಾತ್ರೆ ಬರೆಯುವವರು ಮೊದಲೇ ಹೇಳಿಬಿಟ್ಟರೆ ಎಷ್ಟೋ ಮನೆಗಳಲ್ಲಿ ಇಂಥ ಎರಡು ತಿಂಗಳು ಉಳಿಯುತ್ತವೆ. ಮಾತ್ರೆಗೂ ಅದರದೇ ಅಪಾಯಗಳಿವೆ. ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಏಷ್ಯಾದ ಕೆಲವರಲ್ಲಿ ವಂಶವಾಹಿಯ ಕಾರಣದಿಂದ ಅದು ಜೀವಕ್ಕೇ ಎರವಾಗುವ ಚರ್ಮದ ರೋಗಕ್ಕೆ ತಿರುಗಬಲ್ಲದು. ರಕ್ತದಲ್ಲಿ ಸೋಡಿಯಂ ಇಳಿಯುವುದರಿಂದ ಆಗಾಗ ಪರೀಕ್ಷೆಯೂ ಬೇಕು. ಎಂಆರ್‌ಐ ಮಾಡಿಸುವುದು ಗೆಡ್ಡೆಯೇನಾದರೂ ನರವನ್ನು ಒತ್ತುತ್ತಿದೆಯೇ ಎಂದು ನೋಡಲು. ಮಾತ್ರೆಗೆ ಬಗ್ಗದವರಿಗೆ ನರ ಮತ್ತು ನಾಳದ ನಡುವೆ ಸಣ್ಣ ಟೆಫ್ಲಾನ್ ಮೆತ್ತೆ ಇಡುವ ಶಸ್ತ್ರಚಿಕಿತ್ಸೆ ಇದೆ.

ಇಷ್ಟೆಲ್ಲ ಹೇಳಿದ್ದರಿಂದ ಕೆನ್ನೆ ನೋಯುವವರೆಲ್ಲ ಇದೇ ಅಂದುಕೊಳ್ಳಬಾರದು. ಇದು ಅಪರೂಪದ ರೋಗ. ನಮ್ಮ ನಾಲ್ಕು ತಾಲ್ಲೂಕುಗಳ ಆಸ್ಪತ್ರೆ ಬೆಂಚುಗಳ ಮೇಲೆ ಕಣ್ಣು, ಹಣೆ ಹಿಡಿದು ಕೂತವರಲ್ಲಿ ಹೆಚ್ಚಿನವರದು ಮಿಡಿಯುವ ನೋವು. ‘ಪಟಪಟ ಅಂತದೆ’, ‘ಕಣ್ಣಿನ ಹಿಂದೆ ಸೆಳೀತದೆ’ ಎನ್ನುತ್ತಾರೆ. ಗಂಟೆಗಟ್ಟಲೆ ಇರುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಬೇಡವಾಗುತ್ತದೆ. ಇದು ಅರೆತಲೆನೋವು. ಇದರಲ್ಲಿ ಮೂಗು ಕಟ್ಟುವುದೂ ಕಣ್ಣಲ್ಲಿ ನೀರು ಬರುವುದೂ ಉಂಟು. ಅದಕ್ಕೇ ‘ಸೈನಸ್’ ಎಂಬ ಹೆಸರು ಇದಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಸೈನಸ್ ತಲೆನೋವು ಎಂದುಕೊಂಡಿದ್ದ 2,991 ಮಂದಿಯನ್ನು ಪರೀಕ್ಷಿಸಿದಾಗ ಶೇ 88ರಷ್ಟು ಜನರದ್ದು ಅರೆತಲೆನೋವಿನ ಬಗೆಯದ್ದಾಗಿತ್ತು. ನಿಜವಾದ ಸೈನಸ್ ಸೋಂಕಿನಲ್ಲಿ ಹಳದಿ, ಹಸಿರು ಸಿಂಬಳ, ವಾಸನೆ ತಿಳಿಯದಿರುವುದು, ಬಗ್ಗಿದರೆ ಕೆನ್ನೆ ಭಾರವಾಗುವುದು ಇರಬೇಕು. ಸುಶ್ರುತ ಸಂಹಿತೆ ಹನ್ನೊಂದು ಶಿರೋರೋಗಗಳನ್ನು ಬೇರ್ಪಡಿಸಿದ್ದು ನೋವಿನ ನಡವಳಿಕೆ ನೋಡಿಯೇ. ಅದರಲ್ಲಿ ಸೂರ್ಯಾವರ್ತ ಎಂಬುದೊಂದು, ಬಿಸಿಲೇರಿದಂತೆ ಕಣ್ಣು, ಹುಬ್ಬಿನ ನೋವು ಏರಿ ಹೊತ್ತು ಇಳಿದಂತೆ ಇಳಿಯುತ್ತದೆ. ಯಂತ್ರಗಳಿಲ್ಲದ ಕಾಲದ ವೈದ್ಯರಿಗೆ ಕೇಳಿಸಿಕೊಳ್ಳುವುದೇ ಪರೀಕ್ಷೆಯಾಗಿತ್ತು.

ಬ್ಯಾರನ್ ಕಾಲಕ್ಕೂ ಅರೆತಲೆನೋವಿಗೂ ನಂಟಿರುವುದು ಸಹಜ. ಹೊಗೆ ಒಂದೇ ಕಾರಣವಲ್ಲ. ನಿದ್ದೆಗೆಡುವುದು, ಹೊತ್ತಿಗೆ ಉಣ್ಣದಿರುವುದು, ಬೆವರಿ ನೀರು ಕುಡಿಯದಿರುವುದು ಇವೆಲ್ಲ ಅದನ್ನು ಕೆರಳಿಸುವಂಥವೇ. ಇಬ್ಬನಿಯಲ್ಲಿ ನೆಂದ ಹಸಿ ಸೊಪ್ಪು ಮುರಿಯುವವರಿಗೆ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆನೋವು, ತಲೆಸುತ್ತು, ವಾಂತಿ ಬರುವುದುಂಟು. ಸೊಪ್ಪು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದರೆ ಉರಿ ಬೇರೆ.

ಅರೆತಲೆನೋವಿಗೆ ತದ್ವಿರುದ್ಧ ನಡವಳಿಕೆಯ ನೋವೊಂದಿದೆ. ಅರೆತಲೆನೋವಿನವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ತಲೆನೋವಿನವರು ಮಲಗಲಾರರು. ದಿನಾ ರಾತ್ರಿ ಅದೇ ಹೊತ್ತಿಗೆ ಒಂದು ಕಣ್ಣಿನ ಸುತ್ತ ಕೊರೆಯುವ ನೋವು ಬಂದು, ಕಣ್ಣು ಕೆಂಪಾಗಿ ನೀರು ಸುರಿದು, ಹದಿನೈದು ನಿಮಿಷದಿಂದ ಮೂರು ಗಂಟೆ ಹಟ್ಟಿಯಲ್ಲಿ ಅತ್ತಿಂದಿತ್ತ ಓಡಾಡಿಸುತ್ತದೆ. ಹೆಚ್ಚಾಗಿ ಗಂಡಸರಲ್ಲಿ ಇದು ಕಾಣುತ್ತದೆ. ಆಮ್ಲಜನಕ ಉಸಿರಾಡಿದರೆ ಅನೇಕರಿಗೆ ನಿಲ್ಲುತ್ತದೆ, ‘ಮೈಮೇಲೆ ಬಂದಿದೆ’ ಎಂದು ಕರೆದೊಯ್ಯುವ ಮೊದಲು ಇದನ್ನು ನೆನೆಯಬೇಕು.

ಈಗ ಕಾಯಬಾರದ ನೋವುಗಳು. ಕೆ.ಆರ್. ನಗರ ಭತ್ತದ ಸೀಮೆ. ಕೊಯ್ಲು, ಒಕ್ಕಣೆಯಲ್ಲಿ ಭತ್ತದ ಗರಿ, ಹೊಟ್ಟು ಕಣ್ಣಿಗೆ ಬಡಿಯುವುದು ಮಾಮೂಲು, ‘ಕಸ ಬಿತ್ತು’ ಎಂದು ಉಜ್ಜಿಕೊಂಡು ಕೆಲಸ ಮುಂದುವರಿಸುವುದೂ ಮಾಮೂಲು. ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ ಗೀರು ಬಿದ್ದರೆ, ಗಿಡದ ಮೇಲಿದ್ದ ಶಿಲೀಂಧ್ರ ಆ ಗೀರಿನಲ್ಲಿ ಬೇರೂರಬಹುದು. ದಕ್ಷಿಣ ಭಾರತದಲ್ಲಿ ಈ ಪದರದ ಸೋಂಕಿನ ಹುಣ್ಣುಗಳಲ್ಲಿ ಶಿಲೀಂಧ್ರದ ಪಾಲು ದೊಡ್ಡದು. ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ನಾವು ಹೇಳುವ ಬಿಳಿ ಕಲೆ ಎಷ್ಟೋ ಸಲ ಇಂಥ ಹುಣ್ಣು ಮಾಗಿ ಉಳಿದ ಗುರುತು. ನಂದಿಬಟ್ಟಲ ರಸ, ಎದೆಹಾಲು, ಹರಳೆಣ್ಣೆ ಹಾಕುವುದು ನಮ್ಮಲ್ಲಿದೆ. ಗೀರುಬಿದ್ದ ಕಣ್ಣಿಗೆ ಇವು ಹೊಸ ಸೋಂಕನ್ನು ತರುತ್ತವೆ. ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಇನ್ನೂ ಕೇಡು. ಒಂದೆರಡು ದಿನ ಕೆಂಪು ಇಳಿದು ಗುಣವಾಯಿತು ಅನ್ನಿಸುತ್ತದೆ, ಒಳಗೆ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ.

ನೇಪಾಳದ ಭಕ್ತಪುರದಲ್ಲಿ ನಡೆದ ಕೆಲಸವೊಂದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣಿಗೆ ಗೀರು ಬಿದ್ದ 442 ಮಂದಿಗೆ ಸಾಧಾರಣ ಆಂಟಿಬಯೋಟಿಕ್ ಮುಲಾಮು ಹಾಕಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ: ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ದಾಟಿ ಬಂದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನರಿಗೆ ಆಯಿತು. ಕಣ್ಣು ಉಳಿಸಿದ್ದು ಒಂದು ಟ್ಯೂಬು ಮುಲಾಮು ಮತ್ತು ಅದೇ ದಿನ ಎದ್ದು ಹೋದ ನಡಿಗೆ. ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಕೊಯ್ಲಿನ ತಿಂಗಳಲ್ಲಾದರೂ ಅಂಥದೊಂದು ಟ್ಯೂಬು ಇರಬೇಕೆಂದು ನಾನು ಗಟ್ಟಿಯಾಗಿ ಕೇಳುತ್ತೇನೆ.

ಉರಿ ಅನ್ನುವವರ ವಿಷಯ ಬೇರೆ. ಹಣೆಯ ಒಂದು ಬದಿ ಉರಿ, ಕೂದಲು ಬಾಚಲಾಗದಷ್ಟು ಸೂಕ್ಷ್ಮ, ಎರಡು ಮೂರು ದಿನ ಬಿಟ್ಟು ಅದೇ ಬದಿಗೆ ನೀರು ತುಂಬಿದ ಗುಳ್ಳೆಗಳ ಗೊಂಚಲು. ಇದು ಸರ್ಪಸುತ್ತು. ಕೆಮ್ಮಣ್ಣು ಹಚ್ಚಿ, ಹೆಡೆ ಬಾಲ ಕೂಡಿದರೆ ಜೀವ ಉಳಿಯದೆಂದು ಹೆದರುವವರು ಈಗಲೂ ಇದ್ದಾರೆ. ಹೆಡೆ ಬಾಲ ಸಾಮಾನ್ಯವಾಗಿ ಕೂಡುವುದೇ ಇಲ್ಲ. ಚಿಕ್ಕಂದಿನಲ್ಲಿ ‘ಅಮ್ಮ’ (ಸೀತಾಳೆ ಸಿಡುಬು) ಆದಾಗಿನ ವೈರಾಣುವೇ ನರದ ಗಂಟಿನಲ್ಲಿ ಹತ್ತಾರು ವರ್ಷ ಮಲಗಿದ್ದು, ವಯಸ್ಸಾಗಿ ಅಥವಾ ಮೈಯ ಶಕ್ತಿ ಕುಂದಿ ಎಚ್ಚರವಾದಾಗ ಆ ಒಂದು ನರದ ಹಾದಿಯಲ್ಲಷ್ಟೇ ಹರಿಯುತ್ತದೆ. ನರ ನಡುಗೆರೆ ದಾಟುವುದಿಲ್ಲ, ಗುಳ್ಳೆಯೂ ದಾಟುವುದಿಲ್ಲ. ಮುಖದಲ್ಲಾದರೆ ಹೆದರಬೇಕಾದದ್ದು ಕಣ್ಣಿಗಾಗಿ. 19ನೇ ಶತಮಾನದ ಲಂಡನ್ ವೈದ್ಯ ಜೊನಾಥನ್ ಹಚಿನ್ಸನ್ ಒಂದು ಗುರುತು ಹೇಳಿಟ್ಟಿದ್ದಾರೆ: ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುವ ಸಾಧ್ಯತೆ ಹೆಚ್ಚು, ಎರಡಕ್ಕೂ ಹೋಗುವುದು ಒಂದೇ ಕವಲು. ಅಸೈಕ್ಲೊವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ ಮೊದಲ 72 ಗಂಟೆಗಳಲ್ಲಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಕಣ್ಣಿನ ವೈದ್ಯರಿರುವ ಊರಿಗೆ ಬರುವುದು ಒಂದು ದಿನದ ಕೂಲಿ ಬಿಟ್ಟು ಬರುವ ಮಾತು. ಮೂರು ದಿನ ಕೆಮ್ಮಣ್ಣಿನಲ್ಲಿ ಕಳೆದರೆ ಔಷಧದ ಹೊತ್ತೂ ಕಳೆಯಿತು. ಗುಳ್ಳೆ ಮಾಗಿದ ಮೇಲೂ ಉರಿ ತಿಂಗಳುಗಟ್ಟಲೆ ಉಳಿಯುವುದು ವಯಸ್ಸಾದವರ ಪಾಡು.

ಮಳೆಗಾಲದಲ್ಲಿ ಗದ್ದೆಬಯಲಿನಿಂದ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕೆಂಪು ಕಪ್ಪು ಹುಳವೊಂದು ರೆಪ್ಪೆಯ ಮೇಲೆ ಜಜ್ಜಿದರೂ ಉರಿ, ಗುಳ್ಳೆ ಏಳುತ್ತವೆ. ಅದು ಕಚ್ಚುವುದಿಲ್ಲ, ಅದರ ರಸವೇ ಸುಡುತ್ತದೆ. ಹಿಂದಿನ ರಾತ್ರಿ ದೀಪದ ಕೆಳಗೆ ಮಲಗಿದ್ದಿರಾ ಎಂಬುದೊಂದು ಪ್ರಶ್ನೆ ಸರ್ಪಸುತ್ತಿನಿಂದ ಅದನ್ನು ಬೇರ್ಪಡಿಸಲು ನೆರವಾಗುತ್ತದೆ.

ಸಂಜೆಗತ್ತಲಲ್ಲಿ ಕಣ್ಣು, ಹುಬ್ಬು ಸಿಡಿಯುವಷ್ಟು ನೋವು, ಬಲ್ಬಿನ ಸುತ್ತ ಕಾಮನಬಿಲ್ಲಿನ ಬಳೆ, ಮಂಜು ಮಂಜು, ವಾಂತಿ. ಇದು ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ಮುಚ್ಚಿಕೊಂಡು ಬರುವ ಗ್ಲಾಕೋಮಾ ಇರಬಹುದು. ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಇರಬೇಕಾದ ಒತ್ತಡ 50 ದಾಟಬಹುದು. ವಾಂತಿ ನೋಡಿ ಪಿತ್ತವೆಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರೆ ಬೆಳಗಾಗುವುದರೊಳಗೆ ದೃಷ್ಟಿ ಹೋಗಬಹುದು. ಒಮ್ಮೊಮ್ಮೆ ಅದು ಹೀಗೆ ಒಮ್ಮೆಲೇ ಬರದೆ, ವಾರಕ್ಕೊಮ್ಮೆ ಹದಿನೈದು ದಿನಕ್ಕೊಮ್ಮೆ ಬಂದು ತಾನೇ ಇಳಿದು ಎಚ್ಚರಿಸುತ್ತದೆ. ಆಗ ಹಿಡಿದರೆ ಲೇಸರಿನಿಂದ ಸಣ್ಣ ರಂಧ್ರ ಮಾಡಿ ಕಾಪಾಡಬಹುದು.

2021ರ ಬ್ಲ್ಯಾಕ್ ಫಂಗಸ್ ಯಾರಿಗೂ ಮರೆತಿರಲಾರದು. ಆ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ಲೆಕ್ಕಕ್ಕೆ ಬಂದಿದ್ದವು. ಕೋವಿಡ್ ಅಲೆ ಹೋದರೂ ರೋಗ ಹೋಗಿಲ್ಲ, ಹತೋಟಿ ತಪ್ಪಿದ ಸಕ್ಕರೆಯವರಿಗೆ ಈಗಲೂ ಬರುತ್ತದೆ. ಒಂದು ಬದಿ ಕೆನ್ನೆ ನೋವು, ಊತ, ಮೂಗಿನಿಂದ ಕಪ್ಪು ಸಿಂಬಳ, ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು ಇದ್ದರೆ ಅಂದೇ ದೊಡ್ಡಾಸ್ಪತ್ರೆ ಸೇರಬೇಕು.

ಕೊನೆಯದಾಗಿ ಜೋಮು. ನೋವಿನ ಜೊತೆ ಕೆನ್ನೆಯೋ ಗಲ್ಲವೋ ಮರಗಟ್ಟಿದ್ದರೆ, ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿ ರಕ್ತ ಒಸರುತ್ತಿದ್ದರೆ, ಬಾಯಿ ಪೂರಾ ತೆರೆಯಲಾಗದಿದ್ದರೆ, ಅದು ನರವನ್ನೇ ತಿನ್ನುತ್ತಿರುವ ಗೆಡ್ಡೆ ಇರಬಹುದು. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸುವ ನಮ್ಮ ಹಿರಿಯರು ಇದನ್ನು ಹಲ್ಲುನೋವೆಂದು ಲವಂಗ ಇಟ್ಟುಕೊಂಡು ಕೂರುತ್ತಾರೆ. ಚುಳ್ ಅನ್ನುವ ನೋವಿನಲ್ಲಿ ಮುಖದ ಸ್ಪರ್ಶ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಸ್ಪರ್ಶ ಹೋಗಿದ್ದರೆ ಸ್ಕ್ಯಾನ್ ಬೇಕೇ ಬೇಕು.

ಹೊರರೋಗಿ ವಿಭಾಗದಲ್ಲಿ ನಮ್ಮ ಪಾಲಿಗೆ ಸಿಗುವುದು ಮೂರು ನಾಲ್ಕು ನಿಮಿಷ. ಅಷ್ಟರಲ್ಲಿ ‘ಮುಖ ನೋವು’ ಎಂದು ಪುಸ್ತಕದ ಮಾತು ಹೇಳಿ ಬಂದರೆ ನಾಲ್ಕು ವರ್ಷ ಅಲೆಯಬೇಕಾಗುತ್ತದೆ. ಸಿಡಿತವೋ, ಸೆಳೆತವೋ, ಕೊರೆತವೋ, ಉರಿಯೋ, ಭಾರವೋ, ಜೋಮೋ, ಮನೆಯಲ್ಲಿ ಆಡುವ ಮಾತನ್ನೇ ಅಲ್ಲೂ ಆಡಬೇಕು. ಎಷ್ಟು ಹೊತ್ತು ಇರುತ್ತದೆ, ಏನು ಮುಟ್ಟಿದರೆ ಏಳುತ್ತದೆ, ಆಗ ಓಡಾಡುತ್ತೀರೋ ಮಲಗುತ್ತೀರೋ ಎಂಬುದನ್ನು ಮೊಮ್ಮಕ್ಕಳ ಕೈಲಿ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಏನೇನು ಮಾತ್ರೆ ನುಂಗಿದ್ದೀರೋ ಅವುಗಳ ಖಾಲಿ ಪಟ್ಟಿಗಳೂ ಜೊತೆಗಿರಲಿ.

ದೊಡ್ಡಮ್ಮ ಈಗ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಮೈಸೂರಿಗೆ ಹೋಗುತ್ತಾರೆ. ಹೋದ ಸಲ ಬಸ್ಸಿನಲ್ಲಿ ಪಿರಿಯಾಪಟ್ಟಣ ಕಡೆಯ ಹೆಂಗಸೊಬ್ಬರು ಹುಬ್ಬು ಒತ್ತಿ ಹಿಡಿದು ಪಕ್ಕದಲ್ಲಿ ಕೂತರಂತೆ. ‘ಹೆಂಗೆ ಬತ್ತದವ್ವ, ಚುಳ್ ಅಂತದಾ?’ ಎಂದು ಇವರೇ ಕೇಳಿದ್ದಾರೆ. ‘ಇಲ್ಲ ಕಣಕ್ಕ, ಸಂಜೆ ಆಯ್ತು ಅಂದ್ರೆ ಬತ್ತದೆ, ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ ಕಾಣ್ತದೆ’ ಎಂದರಂತೆ ಆಕೆ. ಹಲ್ಲು ತೋರಿಸಲು ಹೊರಟಿದ್ದರು. ದೊಡ್ಡಮ್ಮ ತಮ್ಮ ರಕ್ತಪರೀಕ್ಷೆಯ ಸಾಲು ಬಿಟ್ಟು, ಆಕೆಯ ಕೈಹಿಡಿದು ಮೊದಲು ಕಣ್ಣಿನ ವಿಭಾಗದ ಚೀಟಿ ಮಾಡಿಸಿದರು.